ಹೊಗೆ ಬಿಡುವ ಹಕ್ಕಿಗಳು

ಆಫೀಸಿನಲ್ಲಿ ಆಕೆಯನ್ನು ಎಲ್ಲರೂ ಫ್ರೇಮಕ್ಕ ಎಂದೇ ಕರೆಯುತ್ತಿದ್ದರು. ವಿಡಿಯೋ ಗೇಮ್ ಎಲ್ಲಿ ಮುಗ್ಗರಿಸುತ್ತದೆ ಎಂದು ಹುಡುಕಿ, ಅದನ್ನು ಸರಾಗವಾಗಿ ಓಡಿಸುವುದು ಆಕೆಯ ಕೆಲಸ.

ಈ ಸಲದ್ದು ಹಾಯಿದೋಣಿಯ ಆಟ. ದುಬಾರಿ ಕಂಪ್ಯೂಟರಿನಲ್ಲಿ ನೀರು ಕುಡಿದಷ್ಟು ಸಲೀಸಾಗಿ ಓಡುತ್ತಿತ್ತು. ಟಿವಿಗೆ ಸಿಕ್ಕಿಸುವ ಕನ್ಸೋಲಿಗೆ ಹಾಕಿದರೆ ಮಾತ್ರ ಸೆಕೆಂಡಿಗೆ ಮೂವತ್ತು ಚಿತ್ರ, ಅಂದರೆ ಮೂವತ್ತು ಫ್ರೇಮು, ತೋರಿಸುವಷ್ಟರಲ್ಲಿ ಸುಸ್ತಾಗುತ್ತಿತ್ತು. ಬೇಕಾದದ್ದು ಅರವತ್ತು. ಕನ್ಸೋಲ್ ತಯಾರಿಸುವ ಕಂಪನಿಯ ಒಪ್ಪಿಗೆಗೆ ಕಳಿಸಲು ಉಳಿದಿದ್ದು ಹತ್ತೇ ದಿನ.

ಕೊರತೆ ಎಷ್ಟು ದೊಡ್ಡದು ಎಂದು ಆಕೆಗೆ ಸರಿಯಾಗಿ ತಿಳಿದದ್ದು ಮನೆಯಲ್ಲಿ. ಮಾವ ಮೂವತ್ತೊಂದು ವರ್ಷ ನದಿಯಲ್ಲಿ ಜನರನ್ನು ದಾಟಿಸುವ ಲಾಂಚ್ ನಡೆಸಿ ನಿವೃತ್ತರಾದವರು. ಆಟ ಕೈಗೆ ಕೊಟ್ಟರೆ ಐದೇ ನಿಮಿಷಕ್ಕೆ ಕೆಳಗಿಟ್ಟರು.

"ನಾನು ತಿರುಗು ಅಂತೀನಿ, ಇದು 'ನೋಡೋಣ' ಅಂತಿದೆಯಲ್ಲಮ್ಮ. ಇಂಥ ದೋಣೀಲಿ ನಾನು ಕೂರಲ್ಲ."

ಮರುದಿನದ ಸಭೆಯಲ್ಲಿ ಫ್ರೇಮಕ್ಕ ಸುತ್ತಿಬಳಸಲಿಲ್ಲ. "ಕನ್ಸೋಲು ಅರ್ಧ ಅಳತೆಯ ಚಿತ್ರ ಬರೀಲಿ. ಅದನ್ನ ಹಿಗ್ಗಿಸಿ ಟಿವಿ ತುಂಬಿಸೋಣ. ಹಿಂದಿನ ಚಿತ್ರಗಳನ್ನ ನೋಡ್ಕೊಂಡು ಬಿಟ್ಟುಹೋದ ಚುಕ್ಕೆಗಳನ್ನ ಅದೇ ತುಂಬಿಕೊಳ್ಳುತ್ತೆ. ಅರವತ್ತು ಬಂದೇ ಬರುತ್ತೆ."

ಚಿತ್ರ ವಿಭಾಗದ ಮುಖ್ಯಸ್ಥರು ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದವರು. ಈಗಲೂ ಎಲ್ಲರಿಗೂ ಮೇಷ್ಟ್ರೇ. ಅವರ ಮುಖ ಗಂಟಾಯಿತು. "ಹಾಯಿಯ ಒಂದೊಂದು ಹಗ್ಗಾನೂ ಕೂತು ಬರೆದಿದ್ದೀನಮ್ಮ. ಅದನ್ನ ಯಂತ್ರ ಅಂದಾಜಿನ ಮೇಲೆ ಎಳೆಯುತ್ತಾ? ಕಲಬೆರಕೆ ಯಾವುದು ಅಂತ ನಾನು ದೂರದಿಂದಲೇ ಹೇಳಬಲ್ಲೆ."

"ಹೇಳಿ ಮೇಷ್ಟ್ರೇ. ಶನಿವಾರ ಎರಡು ಟಿವಿ ಇಡ್ತೀನಿ."

ಶನಿವಾರ ಬೆಳಗ್ಗೆ ಸಭೆಯ ಕೋಣೆಯಲ್ಲಿ ಒಂದೇ ಅಳತೆಯ ಎರಡು ಟಿವಿಗಳು ಅಕ್ಕಪಕ್ಕ ಕೂತವು. ಒಂದಕ್ಕೆ ದುಬಾರಿ ಕಂಪ್ಯೂಟರು, ಪೂರ್ತಿ ಚಿತ್ರ. ಇನ್ನೊಂದಕ್ಕೆ ಕನ್ಸೋಲು, ಹಿಗ್ಗಿಸಿದ ಚಿತ್ರ. ತಂತಿಗಳ ಮೇಲೆ ಬಟ್ಟೆ ಮುಚ್ಚಿತ್ತು. ಆಡಲು ಮಾವನನ್ನೇ ಕರೆತಂದಿದ್ದಳು. ಕಂಪನಿಯ ಮಾಲೀಕರು ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿದ್ದರು.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮೂರು ಹೆಜ್ಜೆ ಹಿಂದೆ ಹೋದರು, ಮತ್ತೆ ಮೂಗು ತಾಗುವಷ್ಟು ಹತ್ತಿರ ಬಂದರು. ಕೊನೆಗೆ ಎಡಗಡೆಯದರತ್ತ ಬೆರಳು ತೋರಿಸಿದರು. "ಇದು. ಹಗ್ಗದ ಎಳೆ ನೋಡಿ. ಇದೇ ನನ್ನ ಚಿತ್ರ."

ಫ್ರೇಮಕ್ಕ ಬಟ್ಟೆ ಎಳೆದಳು. ಎಡಗಡೆಯದು ಕನ್ಸೋಲು.

ಮಾಲೀಕರು ಗಟ್ಟಿಯಾಗಿ ನಕ್ಕರು. "ಮುಗೀತಲ್ಲ! ಇವತ್ತೇ ಕಳಿಸಿಬಿಡಿ."

ಮಾವ ಇನ್ನೂ ಕನ್ಸೋಲಿನಲ್ಲಿ ಆಡುತ್ತಲೇ ಇದ್ದರು. "ಈಗ ಸರಿಯಾಗಿ ಮಾತು ಕೇಳ್ತಿದೆ ದೋಣಿ. ಆದರೆ ಈ ಹಕ್ಕಿಗಳು ಯಾಕಮ್ಮ ಹೊಗೆ ಬಿಟ್ಕೊಂಡು ಹಾರ್ತಿವೆ?"

ಎಲ್ಲರೂ ತಿರುಗಿ ನೋಡಿದರು. ಆಕಾಶ ಬೆಳ್ಳಗಿದ್ದಷ್ಟು ಹೊತ್ತು ಯಾರಿಗೂ ಕಂಡಿರಲಿಲ್ಲ. ದೋಣಿ ಕಪ್ಪು ಬಂಡೆಯ ಪಕ್ಕ ಬಂದಾಗ ಪ್ರತಿ ಹಕ್ಕಿಯ ರೆಕ್ಕೆಯ ಹಿಂದೆಯೂ ಬೂದು ಗೆರೆಯೊಂದು ತೆಳ್ಳಗೆ ಎಳೆದುಕೊಂಡು ಹೋಗುತ್ತಿತ್ತು.

"ಅಯ್ಯೋ, ಇದನ್ನ ಯಾರು ನೋಡ್ತಾರೆ ಬಿಡಿ," ಎಂದರು ಮಾಲೀಕರು.

"ನಮ್ಮ ಮಾವ ನೋಡಿದ್ರಲ್ಲ ಸಾರ್. ಸೋಮವಾರ, ಮಂಗಳವಾರ, ಎರಡು ದಿನ ಕೊಡಿ. ಬುಧವಾರ ಕಳಿಸೋದು ನನ್ನ ಜವಾಬ್ದಾರಿ." ಆಕೆಯ ದನಿಯಲ್ಲಿ ಬೇಡಿಕೆ ಇರಲಿಲ್ಲ, ಲೆಕ್ಕ ಇತ್ತು. ಮಾಲೀಕರು ತಲೆಯಾಡಿಸಿದರು.

ಸೋಮವಾರ ಊಟದ ಹೊತ್ತಿಗೆ ಕಾರಣ ಸಿಕ್ಕಿತು. ಚಿತ್ರ ಹಿಗ್ಗಿಸುವ ಯಂತ್ರಕ್ಕೆ ಪ್ರತಿ ವಸ್ತುವೂ ತಾನು ಎಲ್ಲಿಂದ ಎಲ್ಲಿಗೆ ಸರಿದೆ ಎಂದು ಹೇಳಬೇಕು. ದೋಣಿ ಹೇಳುತ್ತಿತ್ತು, ಅಲೆ ಹೇಳುತ್ತಿತ್ತು. ಹಕ್ಕಿಯ ರೆಕ್ಕೆ ಹೇಳುತ್ತಿರಲಿಲ್ಲ. ಕೆಲಸ ಬೇಗ ಮುಗಿಯಲೆಂದು ಮೇಷ್ಟ್ರೇ ಒಂದು ಅಡ್ಡದಾರಿಯಲ್ಲಿ ರೆಕ್ಕೆ ಬಡಿಸಿದ್ದರು. ಯಂತ್ರದ ಪಾಲಿಗೆ ರೆಕ್ಕೆ ಕದಲಿಯೇ ಇರಲಿಲ್ಲ, ಹಾಗಾಗಿ ಹಳೆಯ ರೆಕ್ಕೆಯನ್ನೂ ಅಲ್ಲೇ ಉಳಿಸಿಕೊಳ್ಳುತ್ತಿತ್ತು.

ಎಲ್ಲರೆದುರು ಹೇಳಬಹುದಿತ್ತು. ಶನಿವಾರದ ಸೋಲಿಗೆ ಇದೂ ಸೇರಿದರೆ ಮೇಷ್ಟ್ರು ತಲೆ ಎತ್ತಲಾರರು ಎಂದು ಅವಳಿಗೆ ಗೊತ್ತಿತ್ತು. ತನ್ನ ಕುರ್ಚಿಯನ್ನೇ ಅವರ ಮೇಜಿನ ಬಳಿಗೆ ಎಳೆದುಕೊಂಡು ಹೋದಳು.

"ಮೇಷ್ಟ್ರೇ, ಈ ರೆಕ್ಕೆಗೆ ಸ್ವಲ್ಪ ಬಾಯಿ ಕೊಡಬೇಕು. ನಿಮ್ಮಷ್ಟು ಚೆನ್ನಾಗಿ ಇದರ ಒಳಗು ಗೊತ್ತಿರೋರು ಬೇರೆ ಯಾರೂ ಇಲ್ಲ."

ಅವರು ರೆಕ್ಕೆ ಬಡಿಸಲು ತಾವೇ ಬರೆದಿದ್ದ ಕೋಡಿನ ಸಾಲುಗಳನ್ನು ಓದಿದರು. ಕಿವಿ ಕೆಂಪಾಯಿತು. "ತಪ್ಪು ನನ್ನದೇ. ಅಂದಾಜನ್ನ ಬೈತಿದ್ದೆ, ಮಾಹಿತಿ ಕೊಡದೇ ಇದ್ದೋನು ನಾನೇ."

"ಹಕ್ಕಿ ಎಷ್ಟು ಜಾತಿ ಇದೆ?"

"ಏಳು."

"ಹಾಗಾದ್ರೆ ನಾಲ್ಕು ನಿಮಗೆ, ಮೂರು ನನಗೆ."

ಮಂಗಳವಾರ ಸಂಜೆ ಐದಕ್ಕೆ ಏಳೂ ಮುಗಿದವು. ಕಪ್ಪು ಬಂಡೆಯ ಮುಂದೆ ನೂರಾರು ಹಕ್ಕಿಗಳನ್ನು ಒಟ್ಟಿಗೆ ಹಾರಿಸಿ ನೋಡಿದರು. ಒಂದು ಗೆರೆಯೂ ಇಲ್ಲ. ಎಣಿಕೆ ಅರವತ್ತರಿಂದ ಕೆಳಗಿಳಿಯಲೂ ಇಲ್ಲ. ಅದೇ ಉಪಾಯದಿಂದ ಹಳೆಯ ಕಂಪ್ಯೂಟರುಗಳಲ್ಲೂ ಆಟ ಕುಂಟದೆ ಓಡತೊಡಗಿತು. ಆ ಲಾಭ ಯಾರ ಮನಸ್ಸಿನಲ್ಲೂ ಇರಲಿಲ್ಲ.

ಬುಧವಾರ ಕಳಿಸಿದರು. ಒಪ್ಪಿಗೆ ಒಂದೇ ಸಲಕ್ಕೆ ಬಂತು. ಆ ವಾರವೇ ಮುಂದಿನ ಆಟದ ಮಾತು ಎದ್ದಾಗ ಮೇಷ್ಟ್ರು ಖಾಲಿ ಹಾಳೆ ಹಿಡಿದು ನೇರ ಫ್ರೇಮಕ್ಕನ ಮೇಜಿಗೆ ಬಂದರು. "ಏನೂ ಬರೆಯೋಕೆ ಮುಂಚೆ ಕೇಳ್ತೀನಮ್ಮ. ಈ ಸಲ ಒಂದು ದೊಡ್ಡ ಕಾಡು ಬೇಕು ಅಂತಿದ್ದಾರೆ. ಎಷ್ಟು ಎಲೆ ಬಿಡ್ತೀಯಾ?"

ಆಕೆ ನಗುತ್ತಾ ಪಕ್ಕದ ಕುರ್ಚಿ ಖಾಲಿ ಮಾಡಿಕೊಟ್ಟಳು. "ನಿಮಗೆ ಎಷ್ಟು ಬೇಕೋ ಅಷ್ಟು ಬರೀರಿ. ಓಡಿಸೋದು ನನಗೆ ಬಿಡಿ."