ತಂಗಿಗೆ ಕೊಟ್ಟ ವಿಳಾಸ

ಯಾರಾದರೂ ಇಮೇಲ್ ವಿಳಾಸ ಕೇಳಿದರೆ ಸಾಕು, ನಮ್ಮ ಭಾವನವರ ಕೈ ತಾನಾಗಿ ಕೋಟಿನ ಮೇಲಿನ ಗುಂಡಿಗೆ ಹೋಗುತ್ತಿತ್ತು. ಗುಂಡಿ ಹಾಕಿ, ಗಂಟಲು ಸರಿಮಾಡಿಕೊಂಡು, ಎದುರಿಗಿದ್ದವರನ್ನು ಅಳೆಯುವಂತೆ ನೋಡಿ, ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು. ಒಬ್ಬರಿಗೆ ಹೇಳಿದ ವಿಳಾಸವನ್ನು ಇನ್ನೊಬ್ಬರಿಗೆ ಹೇಳಿದವರಲ್ಲ. ಚಪ್ಪಲಿ ಅಂಗಡಿಗೊಂದು, ಹಲ್ಲಿನ ಡಾಕ್ಟರಿಗೊಂದು, ಗ್ಯಾಸಿನವರಿಗೊಂದು. ಎಲ್ಲವೂ ಬಂದು ಸೇರುತ್ತಿದ್ದುದು ಅವರ ಒಂದೇ ಪೆಟ್ಟಿಗೆಗೆ. ಬೇಡದ ಪತ್ರ ಯಾವ ಬಾಗಿಲಿನಿಂದ ನುಗ್ಗಿತೆಂದು ತಿಳಿಯಬೇಕು, ಆ ಬಾಗಿಲನ್ನು ಮುಚ್ಚಬೇಕು: ಇಷ್ಟೇ ಅವರ ಶಾಸ್ತ್ರ. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಬಂದ ತಾಳ್ಮೆ ಅದು.

ಒಮ್ಮೆ ಚಪ್ಪಲಿ ಅಂಗಡಿಗೆ ಕೊಟ್ಟ ವಿಳಾಸಕ್ಕೆ ಬೊಕ್ಕತಲೆಯ ಔಷಧಿಯ ಜಾಹೀರಾತು ಬಂತು. ಭಾವನವರದು ಬಾಚಣಿಗೆ ಮುರಿಯುವಂಥ ಕೂದಲು. ಎಡಗಾಲನ್ನು ಕೊಂಚ ಎಳೆದು ಹಾಕುವ ತಮ್ಮ ನಡಿಗೆಯಲ್ಲಿ ಅಲ್ಲಿಗೆ ಹೋಗಿ, ಮಾಲೀಕನ ಮುಂದೆ ತಲೆ ಬಗ್ಗಿಸಿ ನಿಂತರಂತೆ.

"ನೀವು ನನ್ನ ವಿಳಾಸ ಕೊಟ್ರಲ್ಲ, ಅವರು ಔಷಧಿ ಹಚ್ಚು ಅಂತಿದ್ದಾರೆ. ಎಲ್ಲಿ ಉದುರಿದೆ, ಸ್ವಲ್ಪ ನೋಡಿ ಹೇಳಿ."

ಆತ ನಕ್ಕು ತಪ್ಪು ಒಪ್ಪಿಕೊಂಡ. ಭಾವನವರು ಒಂದು ಜೊತೆ ಚಪ್ಪಲಿ ಕೊಂಡು, ಮನೆಗೆ ಬಂದು ಆ ವಿಳಾಸವನ್ನು ಮುಚ್ಚಿದರು.

ಒಂದು ವಿಳಾಸ ತಂಗಿಗೆಂದೇ ಇತ್ತು, ಅಂದರೆ ನನ್ನ ನಾದಿನಿಗೆ. ಅತ್ತೆ ತೀರಿಕೊಂಡಾಗ ಅವರ ಹೊಲಿಗೆ ಮಿಷನ್ ಯಾರಿಗೆ ಎಂಬ ಮಾತು ಬೆಳೆದು, ಅವಳು ಬರಿಗೈಯಲ್ಲಿ ದೂರದೂರಿಗೆ ಹೊರಟುಹೋದಳು. ಫೋನ್ ನಂಬರನ್ನೂ ಬದಲಿಸಿದಳು. ಭಾವನವರು ಬರೆದ ಇಮೇಲ್‌ಗಳು ತಿರುಗಿ ಬಂದವು. ಮಿಷನ್ ಅವರ ಕೋಣೆಯಲ್ಲಿ ಬಟ್ಟೆ ಹೊದ್ದು ಕುಳಿತಿತು. ಕೆಲವು ವರ್ಷಗಳ ಮೇಲೆ ತಂಗಿಗೆ ಕೊಟ್ಟಿದ್ದ ವಿಳಾಸಕ್ಕೂ ಕಸ ಸುರಿಯತೊಡಗಿತು: ಲಾಟರಿ, ಸಾಲ, ತೂಕ ಇಳಿಸುವ ಪುಡಿ. ಅವಳ ಕಂಪ್ಯೂಟರಿಗೆ ಯಾರೋ ಕನ್ನ ಹಾಕಿರಬೇಕು.

"ಮುಚ್ಚಿಬಿಡಣ್ಣ. ಚಪ್ಪಲಿಯವನಿಗೊಂದು ನ್ಯಾಯ, ಅವಳಿಗೊಂದಾ?" ಎಂದು ನಮ್ಮ ಮನೆಯವರು ಚುಚ್ಚಿದರು.

"ಚಪ್ಪಲಿಯವನ ಹತ್ರ ಯಾವಾಗ ಬೇಕಾದ್ರೂ ಹೋಗಬಹುದು ಕಣೋ. ಇವಳ ಹತ್ರ ನನ್ನದು ಅಂತ ಇರೋದು ಇದೊಂದೇ."

ಅಂದಿನಿಂದ ಕೆಲಸಕ್ಕೆ ಹೊರಡುವ ಮುನ್ನ, ಕಾಳು ಆರಿಸುವವರ ಹಾಗೆ, ಕಳಿಸಿದವರ ಹೆಸರು ಓದಿ ಓದಿ ಕಸ ಅಳಿಸುವುದು ಅವರ ನಿತ್ಯಕರ್ಮವಾಯಿತು. ಜರಡಿ ಹಿಡಿಯುವ ಕೆಲಸವನ್ನು ಯಂತ್ರಕ್ಕೆ ಬಿಡಲಿಲ್ಲ. ಅದು ಅವಳನ್ನೂ ಕಸದ ಜೊತೆ ಎಸೆದುಬಿಟ್ಟರೆ? ನಮ್ಮ ಮನೆಯವರನ್ನು ಕಳೆದುಕೊಂಡ ದಿನಗಳಲ್ಲೂ ಅದು ತಪ್ಪಲಿಲ್ಲ.

ಒಂದು ಬೆಳಿಗ್ಗೆ, ಲಾಟರಿಗೂ ಪುಡಿಗೂ ನಡುವೆ, ಒಂದೇ ಸಾಲು: "ಅಣ್ಣ, ಮಿಷನ್ನಿಗೆ ಎಣ್ಣೆ ಬಿಡ್ತಿದ್ದೀಯಾ?"

ಭಾವನವರು ಎದ್ದುಹೋಗಿ ಕೋಟು ತೊಟ್ಟು, ಮೇಲಿನ ಗುಂಡಿ ಹಾಕಿ, ಮತ್ತೆ ಬಂದು ಕುಳಿತರು. ಬಹಳ ಹೊತ್ತು ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಏನು ಬರೆದಿರಿ ಎಂದು ಕೇಳಿದ್ದಕ್ಕೆ ಓದಿ ಹೇಳಿದರು: "ಬಿಡ್ತಿದ್ದೀನಿ. ಬಂದು ತುಳಿದು ನೋಡು."

ಬಂದಳು, ತುಳಿದಳು. ಮಿಷನ್ ಈಗ ಅವಳ ಮನೆಯಲ್ಲಿದೆ. ಒಡೆಯನಿಲ್ಲದ ಕೋಟು ನಮ್ಮ ಮನೆಯ ಗೂಟದಲ್ಲಿ. ಬಾಗಿಲು ಭದ್ರಮಾಡುವವರನ್ನು ಜನ ಬಿಗಿ ಮನುಷ್ಯರೆನ್ನುತ್ತಾರೆ. ಅಂಥವರೊಡನೆ ಒಂದೇ ಸೂರಿನಡಿ ಬಾಳಿದವರಿಗೆ ಗೊತ್ತು, ಅವರ ಕಾವಲೆಲ್ಲ ಬೇಡದವರ ಗದ್ದಲದಲ್ಲಿ ಬೇಕಾದವರ ದನಿ ಕೇಳದೆ ಹೋದೀತೆಂಬ ದಿಗಿಲಿನದು.