ಘಟ್ಟ ಹತ್ತಿಸಿದ ಕಡಲು

"ಯಾರು ಏನ ಹಾಕಿದ್ರಿ ಇದರೊಳಕ್ಕ? ಬಾಯ್ಬಿಟ್ಟು ಹೇಳಿ!"

ಗೋಪಾಲನ್ ಗಾಜಿನ ತೊಟ್ಟಿಯ ಮುಂದೆ ಮಂಡಿಯೂರಿ ಕೂತು ಕೂಗಿದ ಕೂಗು ಹೈವೇಯ ಆಚೆಗಿನ ಚಹಾ ಅಂಗಡಿಗೂ ಕೇಳಿಸಿರಬೇಕು. ಅಡುಗೆಮನೆಯಲ್ಲಿದ್ದ ಹೆಂಡತಿ ನಾರಾಯಣಿ ತನಗಲ್ಲವೆಂಬಂತೆ ಕಾಯಿ ತುರಿಯುತ್ತಲೇ ಇದ್ದಳು. ಸೊಸೆ ಸಜಿನ, ಮೀನಂಗಡಿ ಎಂಬ ಊರಿನ ಪೇಟೆಯ ಬೇಕರಿಗೆ ಕೆಲಸಕ್ಕೆ ಹೊರಟವಳು, ಚಪ್ಪಲಿ ಮೆಟ್ಟುತ್ತಲೇ ಉತ್ತರ ಕೊಟ್ಟಳು. ಮಾವನನ್ನು ಅವಳು ಮಲಯಾಳದಲ್ಲಿ ಅಚ್ಛಾ, ಅಪ್ಪ, ಎಂದೇ ಕರೆಯುತ್ತಿದ್ದಳು.

"ನಿನ್ನೆನೂ ಕೇಳಿದ್ರಿ ಅಚ್ಛಾ. ನಾನೇನೂ ಹಾಕ್ಲಿಲ್ಲ."

"ಸೊಳ್ಳೆಗ ಸ್ಪ್ರೇ ಹೊಡದಲ್ಲ ನೀನು?"

"ನನ್ನ ರೂಮಲ್ಲಿ ಹೊಡ್ದೆ, ಬಾಗಿಲು ಹಾಕ್ಕಂಡು. ನಿಮ್ಮ ಹವಳ ಎದ್ದು ಅಲ್ಲಿಗೆ ಬಂದಿತ್ತಾ?" ಎಂದು ಛತ್ರಿ ಎತ್ತಿಕೊಂಡು ನಡೆದೇಬಿಟ್ಟಳು.

ತೊಟ್ಟಿಯೊಳಗೆ ಹವಳ ಬಾಯಿ ಮುಚ್ಚಿಕೊಂಡಿತ್ತು. ಕೋಳಿಕ್ಕೋಡಿನ ವಿಪಿನ್‌ನ ಸಾಕುಮೀನಿನ ಅಂಗಡಿಯಲ್ಲಿ ಅದು ಅಂಗಿಗುಂಡಿಯಷ್ಟಗಲ ಅರಳಿ, ಅಂಚಿನ ಹಸಿರು ಎಳೆಗಳನ್ನೆಲ್ಲ ಚಾಚಿ ನೀರಿನ ಸೆಳೆತಕ್ಕೆ ಒಲೆದಾಡುತ್ತಿತ್ತು. ಅಂಥವು ಒಂದೇ ಕಲ್ಲಿನ ಮೇಲೆ ಗುಂಪಾಗಿ ಇದ್ದವು. ಕಡಲಿಂದ ಕಿತ್ತು ತಂದದ್ದಲ್ಲ, ತೊಟ್ಟಿಯಲ್ಲೇ ಬೆಳೆಸಿದ್ದು, ಹೊಸಬರಿಗೆ ಇದೇ ಸುಲಭ, ಯಾರ ಕೈಲೂ ಸಾಯುವುದಿಲ್ಲ ಎಂದು ವಿಪಿನ್ ಹೇಳಿಕೊಟ್ಟಿದ್ದ. ಯಾರ ಕೈಲೂ ಸಾಯದ್ದು ಗೋಪಾಲನ್ ಕೈಲಿ ಸಾಯುತ್ತಿತ್ತು. ಮೊದಲು ತಂದದ್ದು ಕರಗಿ ಲೋಳೆಯಾಯಿತು. ಆಮೇಲಿನದು ಬೆಳ್ಳಗಾಗಿ ಕಲ್ಲು ಬಿಟ್ಟು ಕಳಚಿಕೊಂಡಿತು. ಇದು ಈಗ ಒಣದ್ರಾಕ್ಷಿಯ ಹಾಗೆ ಮುದುಡಿ ಕೂತಿದೆ.

ಅವನು ಬಿಟ್ಟದ್ದಾದರೂ ಏನು? ಬಾವಿನೀರು ಬೇಡ ಎಂದರು, ಫಿಲ್ಟರಿನ ಅಪ್ಪಟ ನೀರಿಗೆ ಕಡಲುಪ್ಪಿನ ಪುಡಿ ಬೆರೆಸಿದ. ಅಡುಗೆ ಉಪ್ಪಲ್ಲ, ಅದಕ್ಕಂತಲೇ ಬರುವ ಉಪ್ಪು. ಅವಸರ ಮಾಡಬೇಡಿ, ನೀರು ಹದಕ್ಕೆ ಬರಲಿ ಎಂದರು. ತಿಂಗಳುಗಟ್ಟಲೆ ಬರೀ ಕಲ್ಲು ಮರಳು ಇಟ್ಟುಕೊಂಡು ಕಾದ. ಬಂದವರೆಲ್ಲ "ಎಲ್ಲಿ ಮೀನು?" ಎಂದು ಹಲ್ಲು ಕಿರಿದರು. ನೀಲಿ ದೀಪ ಬಂತು, ಅಲೆ ಎಬ್ಬಿಸುವ ಪಂಪು ಬಂತು, ವಯನಾಡಿನ ಚಳಿಗೆ ನೀರು ಬೆಚ್ಚಗಿಡುವ ಹೀಟರ್ ಬಂತು, ಕರೆಂಟು ಹೋದರೆ ಇರಲಿ ಎಂದು ಬ್ಯಾಟರಿಯೂ ಬಂತು. ನೀರು ಆರಿದರೆ ಉಪ್ಪು ಆರುವುದಿಲ್ಲ, ಆದ್ದರಿಂದ ಕಡಿಮೆಯಾದಷ್ಟಕ್ಕೆ ಬರೀ ಸಿಹಿನೀರೇ ತುಂಬಬೇಕು ಎಂದರು. ಅದಕ್ಕೂ ಗಾಜಿನ ಮೇಲೆ ಗೆರೆ ಹಾಕಿಟ್ಟ. ಆ ಗೆರೆಯಿಂದ ನೀರು ಇಳಿಯುವುದೇ ಅಪರೂಪವಾಗಿತ್ತು. ಮಂಜಿನ ಊರು, ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ತೊಟ್ಟಿಯ ನೀರು ಎಲ್ಲಿ ಆರೀತು ಎಂದುಕೊಂಡು ಸುಮ್ಮನಾಗಿದ್ದ.

ಅವನ ಹೊಟ್ಟೆ ಉರಿಸುತ್ತಿದ್ದದ್ದು ಆ ಎರಡು ಕಿತ್ತಳೆ ಮೀನುಗಳು. ಹವಳ ಸಾಯಲಿ ಏನಾಗಲಿ, ಅವು ತಿಂದು ತೇಗಿ ಕುಣಿದಾಡಿಕೊಂಡಿದ್ದವು. ವಿಪಿನ್‌ಗೆ ಫೋನ್ ಮಾಡಿದಾಗ ಇದನ್ನೂ ಹೇಳಿ ಬೈದುಕೊಂಡ.

"ಗೋಪಾಲೇಟ್ಟಾ, ಒಂದು ಹೇಳಿ," ವಿಪಿನ್ ಮಲಯಾಳದಲ್ಲಿ ಕೇಳಿದ. "ಗಾಜು ಉಜ್ಜಲಿಕ್ಕೆ ಕೊಟ್ಟಿದ್ದೆನಲ್ಲ ಬಸವನಹುಳು, ಅವು ಹೇಗಿವೆ?"

"ಅವು ಎಂದೋ ಸತ್ತುಹೋದುವು."

"ಹುಳು ಸತ್ತಿದೆ, ಹವಳ ಸಾಯ್ತಿದೆ, ಮೀನು ಚೆನ್ನಾಗಿದೆ. ಹಾಗಾದರೆ ತಾಮ್ರ. ಚೂರೇ ಚೂರು ತಾಮ್ರ ನೀರಿಗೆ ಇಳಿದರೂ ಮೀನು ತಡೆದುಕೊಳ್ಳುತ್ತದೆ, ಇವು ತಡೆಯೋದಿಲ್ಲ. ಎಲ್ಲಿಂದಲೋ ಬರ್ತಾ ಇದೆ, ನೋಡಿ."

"ಎಲ್ಲಿಂದ ಬತ್ತದ? ಮನೇಲಿರೋ ಪೈಪೆಲ್ಲ ಪ್ಲಾಸ್ಟಿಕ್ಕು!" ಸಿಟ್ಟಿನಲ್ಲಿ ಅವನಿಗೆ ಮಲಯಾಳ ಮರೆತು ಕನ್ನಡವೇ ಬಂತು. ಫೋನ್ ಇಟ್ಟು ಪಂಪಿನ ವಯರು, ಹೀಟರಿನ ತಿರುಪು ಎಲ್ಲ ಬಿಚ್ಚಿ ನೋಡಿದ. ಏನೂ ಸಿಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಬೇಡ ಎಂದ. ರಾತ್ರಿಯೂ ಬೇಡ ಎಂದ.

ಈ ಹಟಕ್ಕೆ ಒಂದು ಕಾರಣವಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಗೋಪಾಲನ್ ಸರ್ಕಾರಿ ಬಸ್ಸಿನ ಡ್ರೈವರಾಗಿ ಬತ್ತೇರಿ–ಕೋಳಿಕ್ಕೋಡ್ ರೂಟಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಬೆಳಗ್ಗೆ ಘಟ್ಟ ಇಳಿದು, ಕಡಲ ದಂಡೆಯಲ್ಲಿ ಬುತ್ತಿ ಬಿಚ್ಚಿ, ಸಂಜೆಗೆ ಘಟ್ಟ ಹತ್ತಿ ಮನೆ ಸೇರುತ್ತಿದ್ದ. ಅವನ ಹೆಂಡತಿ ಮಾತ್ರ ಇವತ್ತಿನವರೆಗೆ ಕಡಲು ನೋಡಿಲ್ಲ. ಕರ್ನಾಟಕದ ಗಡಿಯಲ್ಲಿರುವ ಬಾವಲಿ ಊರಿನ ಕಡೆಯ ಹುಡುಗಿ, ಮದುವೆಯಾದ ಹೊಸತರಲ್ಲಿ ಗಂಡನದೇ ಬಸ್ಸಿನ ಮುಂದಿನ ಸೀಟಿನಲ್ಲಿ ಹೊಸ ಸೀರೆ ಉಟ್ಟು ಕೂತು ಹೊರಟಿದ್ದಳು. ಲಕ್ಕಿಡಿ ದಾಟಿ ತಿರುವು ಇಳಿಯಲು ಶುರುವಾದದ್ದೇ ತಡ, ಹೊಟ್ಟೆ ತೊಳಸಿ, ತಲೆ ತಿರುಗಿ, ಕಣ್ಣು ಮೇಲೆ ಮಾಡಿಕೊಂಡಳು. ಬಸ್ಸಿನ ತುಂಬ ಜನ. ಎದುರಿಗೆ ಹತ್ತಿ ಬರುತ್ತಿದ್ದ ಬಸ್ಸನ್ನು ನಿಲ್ಲಿಸಿ, ಅದರ ಕಂಡಕ್ಟರ್ ಕೈಗೆ ಅವಳನ್ನು ಒಪ್ಪಿಸಿ, ಗೋಪಾಲನ್ ಕೆಳಕ್ಕೆ ಇಳಿದುಹೋದ. ಡ್ಯೂಟಿ ಎಂದರೆ ಡ್ಯೂಟಿ. ಆಮೇಲೆ ಅವಳು ಘಟ್ಟದ ಹೆಸರೆತ್ತಲಿಲ್ಲ, ಇವನೂ ಕರೆಯಲಿಲ್ಲ.

ರಿಟೈರ್ ಆಗಿ ಮನೆಯಲ್ಲಿ ಕೂತ ಮೇಲೆ ಅದು ಅವನನ್ನು ಕೊರೆಯತೊಡಗಿತು. ಅವಳು ಇಳಿಯದಿದ್ದರೆ ಬೇಡ, ಕಡಲೇ ಘಟ್ಟ ಹತ್ತಲಿ ಎಂದು ತೊಟ್ಟಿ ತಂದ. ಹಾಗಂತ ಹೆಂಡತಿಯ ಹತ್ತಿರ ಬಾಯಿಬಿಟ್ಟು ಹೇಳಬಹುದಿತ್ತಲ್ಲ? ಹೇಳಲಿಲ್ಲ ಮಹಾರಾಯ. ಬಸ್ಸಿನವರ ಮೇಲೆ ಕೂಗಾಡಲು ಬರುವ ನಾಲಿಗೆ "ಇದು ನಿಂಗೆ" ಎನ್ನಲು ಹೊರಳುವುದಿಲ್ಲ. ಹವಳ ಪೂರ್ತಿ ಅರಳಿ ನಿಂತ ದಿನ ಅವಳನ್ನು ತಂದು ಮುಂದೆ ಕೂರಿಸಬೇಕು, ಆಗ ಹೇಳಬೇಕು ಎಂದಿಟ್ಟುಕೊಂಡಿದ್ದ. ಆ ದರಿದ್ರ ಹವಳ ಅರಳಿದರೆ ತಾನೆ! ಅವನಿಗೆ ಅಳುವಷ್ಟು ಬೇಜಾರಾಗಿತ್ತು.

ಮಾರನೆಯ ಬೆಳಗ್ಗೆ ಬೇಗ ಎಚ್ಚರವಾಗಿ ಹಾಲಿಗೆ ಬಂದವನು ಸೋಫಾದ ಮೇಲೆ ಹೊದ್ದು ಬಿದ್ದುಕೊಂಡ. ಸೊಸೆ ಬಂದು ಏನಾದರೂ ಹೊಡೆಯುತ್ತಾಳೋ ನೋಡಿಯೇಬಿಡೋಣ ಎಂಬ ಪತ್ತೇದಾರಿ. ಬಂದದ್ದು ನಾರಾಯಣಿ. ತಲೆಗೆ ಸ್ನಾನ ಮಾಡಿ ಕೂದಲಿಗೆ ತೋರ್ತು ಬಟ್ಟೆ ಸುತ್ತಿಕೊಂಡಿದ್ದಳು. ಕೈಯಲ್ಲಿ ಚೊಂಬು. ತೊಟ್ಟಿಯ ಮುಚ್ಚಳ ಸರಿಸಿ, ಚೊಂಬಿನ ನೀರನ್ನು ಹವಳದ ನೇರಕ್ಕೆ ಸಣ್ಣಗೆ ಹೊಯ್ಯುತ್ತಾ ಮಗುವಿಗೆ ಹೇಳುವಂತೆ ಹೇಳುತ್ತಿದ್ದಳು.

"ಕುಡೀ ಮಗಾ. ಬಾಯ ಬುಡು. ನೀನು ಹಿಂಗ್ ಕೂತಿದ್ದೀಯ ಅಂತ ಅವರು ಅನ್ನ ಬುಟ್ಟವ್ರ ಕನ."

"ಏನದು ಕೈಲಿ?" ಗೋಪಾಲನ್ ಹೊದಿಕೆ ಎಸೆದು ಎದ್ದ.

ಅವಳು ಬೆಚ್ಚಿಬಿದ್ದಳು. "ನೀರು," ಎಂದಳು.

"ಯಾವ ನೀರು?"

"ಕೊಡದ್ದು. ದೇವರ ಮುಂದ ಇಡ್ತಿನಲ್ಲ, ಅದು."

ನಾರಾಯಣಿಯ ತವರಿನ ಪದ್ಧತಿ ಅದು. ಸ್ನಾನ ಮಾಡಿ ಸೇದಿದ ಬಾವಿನೀರನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದ ತಾಮ್ರದ ಕೊಡಕ್ಕೆ ತುಂಬಿ, ತುಳಸಿ ಹಾಕಿ, ರಾತ್ರಿಯೆಲ್ಲ ದೇವರ ಮುಂದೆ ಇಡುವುದು. ಮಗುವಿಗೆ ವಾಂತಿಯಾದರೂ, ಹಸು ಕರು ಹಾಕಿದರೂ, ಕೋಳಿ ತೂಕಡಿಸಿದರೂ ಮೊದಲು ಕೊಡುವುದು ಆ ನೀರೇ. ಕಾಯಿಲೆ ಜೋರಾದಷ್ಟೂ ಹೆಚ್ಚು ಕೊಡುತ್ತಾರೆ.

"ಎಷ್ಟ್ ದಿನದಿಂದ ಹುಯ್ತಿದ್ದೀಯ?"

"ಮೊದ್ಲನೇದು ತಂದ್ರಲ್ಲ, ಅದು ಮಂಕಾಗಿತ್ತು. ಆಗಿಂದ. ದಿನಾ ಒಂಚೂರು. ಇದಕ್ಕ ಜೋರಾಗದ ಅಂತ ಸಂಜೆಗೂ ಕೊಡ್ತಿದ್ದಿ."

ಹೊಸ ಜಾಗಕ್ಕೆ ಬಂದ ಹವಳ ಕೆಲವು ದಿನ ಮುಚ್ಚಿಕೊಂಡೇ ಇರುತ್ತದೆ, ಅದನ್ನು ಅದರ ಪಾಡಿಗೆ ಬಿಡಿ ಎಂದು ವಿಪಿನ್ ಹೇಳಿದ್ದ. ಬಿಡಲಾರದೆ ಮನೆಯೆಲ್ಲ ರಂಪ ಮಾಡಿದ್ದು ಗೋಪಾಲನ್. ಅದೆಲ್ಲ ಅವನ ತಲೆಗೆ ಬಂತು. ಬಂದರೂ ಬಾಯಿ ನಿಲ್ಲಲಿಲ್ಲ.

"ಯಾರು ಏನ ಹಾಕಿದ್ರಿ ಅಂತ ದಿನಾ ಬಡ್ಕತಿದ್ನಲ್ಲ! ಕಿವಿ ಇರ್ಲಿಲ್ವಾ ನಿಂಗ?"

"ನಾನೇನ ಹಾಕ್ದಿ? ನೀರಲ್ವಾ ಕೊಟ್ಟದ್ದು?"

"ಅದು ವಿಷ ಕನ ಅದಕ್ಕ! ತಾಮ್ರ ಅಂದ್ರ ವಿಷ! ಮೂರೂ ನೀನೇ ಕೊಂದದ್ದು!"

ನಾರಾಯಣಿ ಚೊಂಬನ್ನು ನೆಲಕ್ಕಿಟ್ಟಳು. ಕೈ ಸೀರೆಗೆ ಒರೆಸಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡಳು.

"ನಿಂಗ ಅಂತ ತಂದದ್ದು," ಗೋಪಾಲನ್ ಕೂಗುತ್ತಲೇ ಇದ್ದ. ಹೇಗೆ ಹೇಳಬೇಕೆಂದಿದ್ದನೋ ಹಾಗೆ ಹೇಳಲಿಲ್ಲ, ಬೈಗುಳದ ಜೊತೆಗೇ ಬಂತು. "ನೀನು ಚುರದ ಘಟ್ಟ ಇಳಿಯಲ್ಲ, ಕಡಲ ನೋಡಿಲ್ಲ, ಇಲ್ಲೇ ತೋರ್ಸವ ಅಂತ ಸಾಯ್ತಾ ಇವ್ನಿ. ನೀನು ನೋಡುದ್ರ ಅದನ್ನೇ ಕೊಂದು ಕೂರ್ಸಿದ್ದೀಯ!"

"ನಂಗಾ?" ಅವಳು ತೊಟ್ಟಿಯನ್ನು ನೋಡಿದಳು, ಅವನನ್ನು ನೋಡಿದಳು. "ನಂಗ ಅಂತ ಯಾವತ್ತು ಹೇಳುದ್ರಿ? ನಿಮ್ಗ ಹೊತ್ತು ಹೋಗಲ್ಲ, ಅದಕ್ಕ ತಂದವ್ರ ಅನ್ಕಂಡಿದ್ದಿ. ಆ ಪಂಪಿನ ಸದ್ದಿಗ ನಿದ್ದ ಬರ್ದಿದ್ರೂ ಸುಮ್ಕಿದ್ದಿ."

ಗದ್ದಲಕ್ಕೆ ಎದ್ದುಬಂದ ಸಜಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ಅಚ್ಛಾ, ಇನ್ನು ನಾನು ಸೊಳ್ಳೆಗೆ ಹೊಡೀಬಹುದಲ್ಲ?" ಎಂದಳು. ಗೋಪಾಲನ್ ಅವಳ ಮುಖ ನೋಡಲಾರದೆ ತಲೆಯಾಡಿಸಿದ. ಅಷ್ಟೇ ಅವನ ಕೈಲಾದ ತಪ್ಪೊಪ್ಪಿಗೆ.

ವಿಪಿನ್ ಇನ್ನೂ ಕೆಟ್ಟ ಸುದ್ದಿ ಹೇಳಿದ. ಕಲ್ಲು ಮರಳೆಲ್ಲ ತಾಮ್ರ ಕುಡಿದುಬಿಟ್ಟಿದೆ, ಇನ್ನು ಅದನ್ನೇ ಇಟ್ಟುಕೊಂಡು ಎಷ್ಟು ನೀರು ಬದಲಿಸಿದರೂ ಒಳಗಿಂದ ಬಿಡುತ್ತಲೇ ಇರುತ್ತದೆ, ಎಲ್ಲ ಎಸೆಯಬೇಕು, ಮೀನು ಬೇಕಾದರೆ ತಂದು ಕೊಡಿ, ನಾನು ಸಾಕಿಕೊಳ್ಳುತ್ತೇನೆ. ಗೋಪಾಲನ್‌ಗೆ ಮತ್ತೆ ಮೊದಲಿಂದ ಶುರು ಮಾಡುವ ಮನಸ್ಸೇ ಇರಲಿಲ್ಲ. ಪಂಪು ನಿಲ್ಲಿಸಿದ. ಆ ಎರಡು ಮೀನುಗಳನ್ನು ಮುಚ್ಚಳವಿರುವ ಬಕೆಟ್ಟಿಗೆ ಹಾಕಿ ದೂರದೂರಲ್ಲಿ ಕೆಲಸಕ್ಕಿದ್ದ ಮಗನ ಕಾರು ಹೊರಗೆ ತೆಗೆದ. ನೋಡಿದರೆ ನಾರಾಯಣಿ ಸೀರೆ ಬದಲಿಸಿ, ಕೈಯಲ್ಲಿ ನಿಂಬೆಹಣ್ಣು, ಪ್ಲಾಸ್ಟಿಕ್ ಕವರು ಹಿಡಿದು ಬಾಗಿಲು ತೆಗೆದು ಕೂತಾಗಿತ್ತು.

"ಎಲ್ಗ?"

"ಬಕೆಟ್ಟ ಹಿಡ್ಕಳಕ್ಕ ಒಬ್ರು ಬ್ಯಾಡ್ವಾ?"

"ಬೆಲ್ಟ್ ಹಾಕಿ ಕಟ್ತಿನಿ ಅದನ್ನ. ಇಳಿ ನೀನು. ದಾರೀಲಿ ಬಿದ್ರ ಯಾರು ನೋಡ್ತಾರ?"

"ನೀವು ನೋಡಿ," ಎಂದು ಅವಳು ಬಕೆಟ್ಟನ್ನು ಕಾಲುಗಳ ನಡುವೆ ಎಳೆದುಕೊಂಡಳು.

ಕಲ್ಪೆಟ್ಟ ದಾಟುವವರೆಗೂ ಅವಳು ಬಕೆಟ್ಟಿನ ಮುಚ್ಚಳ ಎತ್ತೆತ್ತಿ ಮೀನು ನೋಡುತ್ತಿದ್ದಳು. ಲಕ್ಕಿಡಿಯಲ್ಲಿ ಅವನು ಒಮ್ಮೆ ಕಾರು ನಿಧಾನ ಮಾಡಿದ. ಅವಳು ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ಎದುರಿಗೇ ನೋಡುತ್ತಿದ್ದಳು. ಮೊದಲ ತಿರುವು ಹೇಗೋ ಕಳೆಯಿತು. ಅದರಾಚೆ ಅವಳು ಅವನ ತೋಳು ತಟ್ಟಿದಳು. ಕಾರು ನಿಲ್ಲಿಸುವಷ್ಟರಲ್ಲಿ ಬಾಗಿಲು ತೆಗೆದು, ತಡೆಗೋಡೆ ಹಿಡಿದು, ಬಗ್ಗಿಬಿಟ್ಟಿದ್ದಳು. ಗೋಪಾಲನ್ ಓಡಿಬಂದು ಅವಳ ಹಣೆ ಹಿಡಿದುಕೊಂಡ. ಅವಳ ಮೈಯೆಲ್ಲ ತಣ್ಣಗೆ ಬೆವೆತಿತ್ತು. ಗೋಡೆಯ ಮೇಲಿನ ಕೋತಿಗಳು ತಿನ್ನಲಿಕ್ಕೇನಾದರೂ ಸಿಗುತ್ತದೋ ಎಂದು ನೋಡುತ್ತಿದ್ದವು.

"ಸಾಕು. ವಾಪಸ್ ಹೋಗವ. ಮೀನ ನಾನೊಬ್ನೇ ಯಾವತ್ತಾರು ಕೊಟ್ಟು ಬತ್ತಿನಿ. ಯಾಕ ಈ ಹಟ ನಿಂಗ?"

ಅವಳು ಬಾಯಿ ಮುಕ್ಕಳಿಸಿ ಉಗುಳಿ, ಉಸಿರು ಸಮ ಮಾಡಿಕೊಂಡಳು. "ಇಲ್ಲಿ ತಿರುಗ್ಸಕ್ಕ ಆಯ್ತದಾ?"

ಅವನು ಹಿಂದೆ ಮುಂದೆ ನೋಡಿದ. ಮೇಲಿಂದ ಲಾರಿಗಳ ಸಾಲು, ಕೆಳಗಿಂದ ಲಾರಿಗಳ ಸಾಲು.

"ಇಲ್ಲಿ ಆಗಲ್ಲ."

"ಹಂಗಾದ್ರ ಕೆಳಕ್ಕೇ ಇಳ್ಸಿ," ಎಂದು ಅವಳು ಹೋಗಿ ಕೂತಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬಕೆಟ್ಟಿನ ಮುಚ್ಚಳದ ಮೇಲೆ ಎರಡೂ ಕೈ ಒತ್ತಿಟ್ಟಳು. "ಮೆಲ್ಲಗ."

ಗೋಪಾಲನ್ ಮೊದಲ ಗೇರಿಗೆ ಹಾಕಿದ. ಇಷ್ಟು ನಿಧಾನವಾಗಿ ಅವನು ಆ ಘಟ್ಟವನ್ನು ಎಂದೂ ಇಳಿದಿರಲಿಲ್ಲ. ಹಿಂದೆ ಜನ ತುಂಬಿದ ಬಸ್ಸೊಂದು ಬಿಡದೆ ಹಾರ್ನ್ ಹೊಡೆಯುತ್ತಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಯುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. ಬೈಯಲಿ ಎಂದು ಬಿಟ್ಟು, ಮುಂದಿನ ತಿರುವಿಗೆ ಮೆಲ್ಲಗೆ ಸ್ಟಿಯರಿಂಗ್ ತಿರುಗಿಸಿದ.