ಹಲಗೆಯೊಳಗಿನ ಹುಳು

ಯುಗಾದಿಯ ಮರುದಿನ, ಹೊಸತೊಡಕು. ಪಾಂಡವಪುರದ ಪಕ್ಕದ ನಮ್ಮೂರಿನಲ್ಲಿ ಮನೆಮಂದಿಯೆಲ್ಲ ಬಾಡೂಟದ ಗಲಾಟೆಯಲ್ಲಿದ್ದರೆ, ನಾನು ಹಿತ್ತಲಲ್ಲಿ ಒದ್ದೆ ಗೋಣಿಚೀಲ ಬಿಚ್ಚಿಕೊಂಡು ಕೂತಿದ್ದೆ. ಹಬ್ಬಕ್ಕೆ ಬಾರದಿದ್ದರೆ ಅಮ್ಮ ಬಿಡುತ್ತಿರಲಿಲ್ಲ, ಅದಕ್ಕೇ ಕೆಲಸವನ್ನೂ ಮಂಗಳೂರಿನಿಂದ ಬಸ್ಸಿನಲ್ಲಿ ಹೊತ್ತು ತಂದಿದ್ದೆ. ಚೀಲದಲ್ಲಿದ್ದದ್ದು ಮೀನುಗಾರರು ಒಡೆದು ಹಾಕಿದ ದೋಣಿಯ ಒಂದೇ ಒಂದು ಹಲಗೆ. ಉಳಿದವೆಲ್ಲ ಒಲೆ ಸೇರಿದ್ದವು.

ಹಲಗೆಯ ತುಂಬ ಮರ ಕೊರೆದು ತಿನ್ನುವ ಸಮುದ್ರದ ಹುಳುಗಳು. ನೋಡಲು ಹುಳು, ಜಾತಿಯಲ್ಲಿ ಚಿಪ್ಪಿನ ಪ್ರಾಣಿ. ಇದು ಯಾವ ಪುಸ್ತಕದಲ್ಲೂ ಇಲ್ಲದ ಹೊಸ ಜಾತಿ, ಪರದೇಶದ ಹಡಗಿನ ಜೊತೆ ಬಂದದ್ದಿರಬೇಕು ಎಂದು ನಾನು ವಾದಿಸುತ್ತಿದ್ದೆ. ನನ್ನ ಪಿಎಚ್‌ಡಿ ಗೈಡು ನಂಬಲಿಲ್ಲ.

"ಜಾತಿ ಗುರುತಿಸುವ ಬಾಲದ ತುದಿಯ ಎರಡು ಬಿಲ್ಲೆ ಸಮೇತ ಒಂದಾದರೂ ಇಡೀ ಹುಳು ತೋರಿಸು ತನುಶ್ರೀ, ಸೋಮವಾರದೊಳಗೆ. ಇಲ್ಲದಿದ್ದರೆ ಈ ವಿಷಯ ಬಿಟ್ಟುಬಿಡು" ಅಂದಿದ್ದರು. ನಾನು ಬಿಡುವವಳಲ್ಲ. ಆದರೆ ಚಿಮುಟದಲ್ಲಿ ಎಳೆದ ಒಂಬತ್ತೂ ತುಂಡಾಗಿದ್ದವು. ಇನ್ನು ಉಳಿದದ್ದು ಎರಡೇ ತೂತು.

ಮಚ್ಚು ತೊಳೆಯಲು ಬಂದ ಅಪ್ಪ ನಿಂತು ನೋಡಿದರು. ನಲವತ್ತು ವರ್ಷ ಕಬ್ಬು ಬೆಳೆದವರು.

"ಅಂಗ್ ಎಳುದ್ರೆ ಬತ್ತದಾ? ನಮ್ ಕಬ್ಬಿನ್ ಸುಳಿ ಹುಳಾನೂ ಇಂಗೇಯ. ಉದ್ದುಕ್ಕೆ ಸೀಳ್ಬೇಕು ಕಣವ್ವ. ಕೊಡಿಲ್ಲಿ."

ಮರದ ನಾರು ನೋಡಿಕೊಂಡು ಮಚ್ಚಿನ ತುದಿ ಊರಿ, ಮೆಲ್ಲಗೆ ಎರಡು ಏಟು ಹಾಕಿದರು. ಹಲಗೆ ಬಾಯಿ ಬಿಟ್ಟಿತು. ತಲೆಯಿಂದ ಬಾಲದವರೆಗೆ ಇಡೀ ಹುಳು, ಜೀವಂತ! ನಾನು ಖುಷಿಗೆ ಕಿರುಚುವ ಮೊದಲೇ ಅಪ್ಪ ಅದನ್ನೆತ್ತಿ ಹೆಬ್ಬೆರಳಿನಲ್ಲಿ ಹೊಸಕಿಬಿಟ್ಟರು. ಕಬ್ಬಿನ ಗದ್ದೆಯಲ್ಲಿ ಹುಳು ಸಿಕ್ಕರೆ ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ.

"ಅಪ್ಪಾ! ನನ್ ಎರಡ್ ವರ್ಸದ್ ಕೆಲ್ಸ ಹೊಸಕ್ಬುಟ್ಯಲ್ಲ!"

ಬಾಯಿಗೆ ಬಂದಂತೆ ಬೈದೆ. ಅಪ್ಪನ ಮುಖ ಸಪ್ಪಗಾಯಿತು. ಬೆರಳನ್ನು ಪಂಚೆಗೆ ಒರೆಸಿಕೊಂಡರು.

"ಕೈಗೇನ್ ಗೊತ್ತವ್ವ... ಇನ್ನೊಂದೈತಲ್ಲ, ನೀನೇ ಸೀಳು. ನಾನ್ ಮುಟ್ಟಕಿಲ್ಲ."

ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ನಾನು ಮಚ್ಚು ಹಿಡಿದೆ. ಇದೂ ಹೋದರೆ ಮುಗಿಯಿತು. ನಾರು ನೋಡಿಕೊಂಡು ಮಚ್ಚಿನ ತುದಿ ಊರಿದೆ.

"ವಸಿ ವಾರೆ ಮಾಡು. ಆ... ಈಗ ತಟ್ಟು."

ಹಲಗೆ ಸೀಳಿಕೊಂಡಿತು. ಬಾಲದ ಎರಡೂ ಬಿಲ್ಲೆ ಹೊತ್ತ ಹುಳು ಇಡಿಯಾಗಿ ನನ್ನ ಅಂಗೈಗೆ ಜಾರಿತು. ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ಅಪ್ಪ ನುಗ್ಗಿ ಬಂದು ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ನೋಡಿದರೆ, ನನ್ನ ಹೆಬ್ಬೆರಳು ಆಗಲೇ ಹೊಸಕಲು ಹುಳುವಿನ ಮೇಲೆ ಕೂತಿತ್ತು.